ಮಳೆಯ ಮೇಲೆ ಹೊರಿಸಿದ ಅಪರಾಧ

ಮಲೆನಾಡಿನಲ್ಲಿ ಆಷಾಢದ ಗಾಳಿಮಳೆ ಹಿಡಿದುಕೊಂಡಿತೆಂದರೆ, ಜಗಲಿಯ ಗೋಡೆಗೆ ತೂಗುಹಾಕಿದ ಪೆಟ್ಟಿಗೆಯಲ್ಲಿ ಹಸಿರು ದೀಪ ಆರಿ ಕೆಂಪು ದೀಪ ಮಿನುಗತೊಡಗುವುದೂ, ಅದರೊಡನೆ ಮನೆಯ ಇಂಟರ್ನೆಟ್ಟು ನಿಂತುಹೋಗುವುದೂ, ಹಾಗೆ ನಿಂತದ್ದು ಮರಳಿ ಬರುವುದಕ್ಕೆ ದಿನಗಳೇ ಹಿಡಿಯುವುದೂ ಈಗ ಎಲ್ಲರಿಗೂ ಅನುಭವಸಿದ್ಧವಾದ ಸಂಗತಿಗಳು. ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿ, ಸಿದ್ದಾಪುರಗಳ ಸೀಮೆಯಲ್ಲಿ ಈ ಕಷ್ಟವನ್ನು ಕಾಣದ ಮನೆ ವಿರಳ. ಆದರೆ ಕಷ್ಟಕ್ಕಿಂತಲೂ ಹೆಚ್ಚಾಗಿ ಆಲೋಚಿಸತಕ್ಕದ್ದು, ಆ ಕಷ್ಟವನ್ನು ಕುರಿತು ನಮ್ಮ ಜನರಲ್ಲಿ ಬೇರೂರಿಕೊಂಡಿರುವ ಒಂದು ಅಭಿಪ್ರಾಯ. “ಮಳೆಗಾಲವೆಂದ ಮೇಲೆ ಇದೆಲ್ಲ ಇದ್ದದ್ದೇ, ಕಾಡಿನ ನಡುವಣ ಊರಿಗೆ ಇಷ್ಟು ಬಂದದ್ದೇ ಹೆಚ್ಚು, ಕೊಡುವ ದುಡ್ಡಿಗೆ ಇದಕ್ಕಿಂತ ಏನು ಸಿಕ್ಕೀತು, ಸರಿಬೀಳದಿದ್ದರೆ ಬೇರೆ ಕಂಪನಿಯವರನ್ನು ಹಿಡಿಯಬಹುದು, ಇಷ್ಟಕ್ಕೂ ಇದೇನು ಅನ್ನವೇ, ನೀರೇ?” ಹೀಗೆಂದು ಸೇವೆಯನ್ನು ಮಾರುವವನು ಹೇಳುತ್ತಾನೆ, ಅವನನ್ನು ಅಂಕೆಯಲ್ಲಿಡಬೇಕಾದ ಅಧಿಕಾರಿ ಹೇಳುತ್ತಾನೆ, ಕೊನೆಗೆ ನಷ್ಟಕ್ಕೆ ಗುರಿಯಾದ ಗ್ರಾಹಕನೂ ಅದನ್ನೇ ಹೇಳಿ ಸುಮ್ಮನಾಗುತ್ತಾನೆ. ಮೂವರೂ ಒಂದೇ ಮಾತನ್ನಾಡುವುದರಿಂದ ಅದು ಸತ್ಯವೆಂಬ ಭ್ರಾಂತಿ ಹುಟ್ಟಿದೆ. ಆ ಮಾತಿನ ಒಂದೊಂದು ಅವಯವವೂ ವಿಚಾರದ ಮುಂದೆ ನಿಲ್ಲಲಾರದೆಂದೂ, ಕಡಿತದ ನಷ್ಟವನ್ನು ಹೊರತಕ್ಕವನು ಹಣ ತೆಗೆದುಕೊಂಡು ಮಾತು ಕೊಟ್ಟವನೇ ಎಂದೂ ತೋರಿಸುವುದು ಈ ಲೇಖನದ ಉದ್ದೇಶ.

ಪೂರ್ವಪಕ್ಷದಲ್ಲಿ ಸತ್ಯಾಂಶವೇ ಇಲ್ಲವೆಂದು ನಾನು ಹೇಳುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಇಲ್ಲಿಯ ಮನೆಗಳು ಬಯಲುಸೀಮೆಯ ಊರುಗಳಂತೆ ಒತ್ತೊತ್ತಾಗಿಲ್ಲದೆ ತೋಟಕ್ಕೊಂದರಂತೆ ಚದರಿಕೊಂಡಿವೆ. ಒಂದು ಮನೆಗೆ ಕೇಬಲ್ಲು ಎಳೆಯಬೇಕಾದರೆ ಗದ್ದೆಯನ್ನೂ ಹಳ್ಳವನ್ನೂ ಸೊಪ್ಪಿನಬೆಟ್ಟವನ್ನೂ ದಾಟಿಸಬೇಕಾಗುತ್ತದೆ. ಇವೆಲ್ಲ ನಿಜ. ಆದರೆ ಕೆಲಸ ಕಷ್ಟವೆಂಬುದಕ್ಕೆ ಇವು ಪ್ರಮಾಣವಾಗಬಹುದೇ ಹೊರತು, ಕೆಲಸವನ್ನು ಕೆಡಿಸಿದವನು ನಿರ್ದೋಷಿಯೆಂಬುದಕ್ಕೆ ಪ್ರಮಾಣವಾಗಲಾರವು. ಸೇವೆಯನ್ನು ಮಾರುವವರು ಇಲ್ಲಿಗೆ ಬರುವುದಕ್ಕೆ ಎಷ್ಟೋ ಶತಮಾನಗಳ ಮೊದಲಿನಿಂದ ಮಳೆ ಇಲ್ಲಿತ್ತು. ಅದು ಜೂನ್ ತಿಂಗಳಲ್ಲಿ ಬರುವುದು ನಿಶ್ಚಯವೆಂದು ಅರಿತೇ ಅವರು ಮನೆಮನೆಗೂ ಬಂದು ಹಣ ಪಡೆದರು. ನಿಶ್ಚಿತವಾದುದನ್ನು ಆಕಸ್ಮಿಕವೆಂದು ಕರೆಯುವುದು ನ್ಯಾಯವಲ್ಲ. ಗೊತ್ತಿದ್ದೂ ಸಿದ್ಧನಾಗದವನ ಬಾಯಲ್ಲಿ ಅದು ಬರಿಯ ನೆಪ.

ಇನ್ನು, ಮಳೆಯಿಂದ ನಿಜವಾಗಿ ಆಗುವುದೇನೆಂಬುದನ್ನು ನೋಡೋಣ. ಹಳೆಯ ಟೆಲಿಫೋನಿನ ತಾಮ್ರದ ತಂತಿಗೆ ನೀರು ಶತ್ರುವಾಗಿತ್ತು. ಜೋಡಣೆಗೆ ತೇವ ಹೊಕ್ಕಿತೆಂದರೆ ಕರಕರ ಸದ್ದಲ್ಲದೆ ಮಾತು ಕೇಳುತ್ತಿರಲಿಲ್ಲ. ಇಂದು ಮನೆಗೆ ಬರುತ್ತಿರುವುದು ಗಾಜಿನ ಎಳೆ. ಅದರೊಳಗೆ ಹರಿಯುವುದು ಬೆಳಕು. ಅತ್ಯಂತ ಶುದ್ಧವಾದ ಗಾಜಿನ ಎಳೆಯಲ್ಲಿ ಬೆಳಕನ್ನು ಬಹುದೂರ ಸಾಗಿಸಬಹುದೆಂದು ಚಾರ್ಲ್ಸ್ ಕಾವೋ ಎಂಬ ವಿಜ್ಞಾನಿ 1966ರಲ್ಲಿ ಪ್ರತಿಪಾದಿಸಿದನು. ಅದಕ್ಕಾಗಿ 2009ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ಸಂದಿತು. ಆ ಎಳೆ ಇಂದು ಸಮುದ್ರದ ತಳದಲ್ಲಿ, ಸಾವಿರಾರು ಮೀಟರ್ ಆಳದ ಉಪ್ಪುನೀರಿನಲ್ಲಿ, ಖಂಡದಿಂದ ಖಂಡಕ್ಕೆ ಚಾಚಿಕೊಂಡಿದೆ. ಹೊರದೇಶಗಳೊಡನೆ ನಮ್ಮ ದೇಶದ ಅಂತರ್ಜಾಲದ ವ್ಯವಹಾರ ಬಹುಮಟ್ಟಿಗೆ ಮುಂಬಯಿ, ಚೆನ್ನೈಗಳಂಥ ತೀರಗಳಲ್ಲಿ ದಡವೇರುವ ಇಂಥ ಕೇಬಲ್ಲುಗಳ ಮೂಲಕವೇ ನಡೆಯುತ್ತಿದೆ. ಸಾಗರಗಳನ್ನು ದಾಟಿ ಬಂದ ಬೆಳಕು ನಮ್ಮ ಊರಿನ ಕೊನೆಯ ನಾಲ್ಕು ಫರ್ಲಾಂಗಿನಲ್ಲಿ ನಿಂತುಹೋದರೆ, ತಪ್ಪು ನೀರಿನದೆಂದು ಯಾರು ತಾನೇ ಒಪ್ಪಿಯಾರು?

ತಪ್ಪು ಎಲ್ಲಿದೆಯೆಂಬುದು ಕೇಬಲ್ ಕೆಲಸದವರಿಗೆಲ್ಲ ಗೊತ್ತು. ನೆಲದಡಿಯ ಕೊಳವೆಯಲ್ಲಿ ಹೋಗಬೇಕಾದ ಎಳೆಯನ್ನು ವೆಚ್ಚ ಉಳಿಸುವುದಕ್ಕಾಗಿ ಕರೆಂಟು ಕಂಬದಿಂದ ಕಂಬಕ್ಕೆ, ಕಂಬ ಸಿಗದ ಕಡೆ ಹಲಸಿನ ಮರಕ್ಕೋ ಅಡಕೆ ಮರಕ್ಕೋ ಕಟ್ಟಿ ಎಳೆದಿರುತ್ತಾರೆ. ಮೇಲಿನ ಕೊಂಬೆಗಳನ್ನು ಬೇಸಗೆಯಲ್ಲಿ ಸವರಿಸಿರುವುದಿಲ್ಲ. ಗಾಳಿಗೆ ಕೊಂಬೆ ಮುರಿದಾಗ ಎಳೆ ತುಂಡಾಗುತ್ತದೆ. ಪೇಟೆಯಲ್ಲಿರುವ ಕೇಂದ್ರಯಂತ್ರದ ಬ್ಯಾಟರಿ ಹಳತಾಗಿ, ಕರೆಂಟು ಹೋದ ಸ್ವಲ್ಪ ಹೊತ್ತಿಗೆಲ್ಲ ಯಂತ್ರವೂ ಆರಿಹೋಗುತ್ತದೆ. ಮಳೆಗಾಲದಲ್ಲಿ ಇಲ್ಲಿ ಕರೆಂಟು ಎಷ್ಟು ಹೊತ್ತು ಹೋಗುತ್ತದೆಂಬುದು ಹೊಸದಾಗಿ ಕಂಡುಹಿಡಿಯಬೇಕಾದ ವಿಷಯವೇನೂ ಅಲ್ಲ. ಊರಿಗೆ ಎರಡು ದಿಕ್ಕುಗಳಿಂದ ಕೇಬಲ್ಲು ತಂದು ವರ್ತುಲವಾಗಿ ಕೂಡಿಸಿದ್ದರೆ, ಒಂದು ಕಡೆ ಕಡಿದಾಗ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುತ್ತಿತ್ತು. ಹಾಗೆ ಕೂಡಿಸದೆ ಒಂಟಿ ದಾರಿಯನ್ನೇ ನಂಬಿರುತ್ತಾರೆ. ಮಳೆಯೇ ಇಲ್ಲದ ಕಾಲದಲ್ಲಿ ರಸ್ತೆ ಅಗಲಿಸುವ, ನೀರಿನ ಪೈಪು ಹೂಳುವ ಜೆಸಿಬಿಗಳಿಂದ ಅದೇ ಕಡಿತ ಆಗುತ್ತಿರುತ್ತದೆ. ಹೀಗೆ ಅಗೆಯುವಾಗ ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಸಲ ಕೇಬಲ್ಲುಗಳು ತುಂಡಾಗುತ್ತವೆಂದೂ, ಅದರಿಂದಾಗುವ ನಷ್ಟ ಸುಮಾರು 3,000 ಕೋಟಿ ರೂಪಾಯಿಯೆಂದೂ ಕೇಂದ್ರ ಸರ್ಕಾರವೇ ಹೇಳಿ, ಅಗೆಯುವವರು ಮುಂಚಿತವಾಗಿ ತಿಳಿಸಲೆಂದು 2023ರ ಮಾರ್ಚಿನಲ್ಲಿ ಒಂದು ಆ್ಯಪನ್ನು ಹೊರತಂದಿತು. ಕೊಂಬೆಯನ್ನು ಸವರದಿರುವುದು, ಬ್ಯಾಟರಿಯನ್ನು ಬದಲಿಸದಿರುವುದು, ಎರಡನೆಯ ದಾರಿಯನ್ನು ಹಾಕದಿರುವುದು, ಕೇಳದೆ ಅಗೆಯುವುದು, ಇವುಗಳಲ್ಲಿ ಪ್ರತಿಯೊಂದೂ ಮನುಷ್ಯರು ತಿಳಿದು ಮಾಡಿದ ನಿರ್ಧಾರ.

ಕಡಿದ ಎಳೆಯನ್ನು ಬೆಸೆಯುವ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಕಳೆದ ಮಳೆಗಾಲದಲ್ಲಿ ನಮ್ಮ ದಣಪೆಯ ಬಳಿ ಕಂಬವೇರಿ ಕೇಬಲ್ಲನ್ನು ಇಳಿಸಿಕೊಂಡ ಹುಡುಗನೊಬ್ಬ, ಜೊತೆಗಾರನು ಹಿಡಿದ ಕೊಡೆಯ ಕೆಳಗೆ, ಬೈಕಿನ ಸೀಟಿನ ಮೇಲೆ ಬೆಸುಗೆಯ ಯಂತ್ರವನ್ನಿಟ್ಟುಕೊಂಡು, ಮೇಲಿನ ಕರಿಯ ಹೊದಿಕೆಯನ್ನು ಸುಲಿದು, ಎಳೆಯ ಬಣ್ಣದ ಲೇಪವನ್ನು ಕಿತ್ತು, ಸ್ಪಿರಿಟ್ಟಿನಿಂದ ಒರೆಸಿ, ತುದಿಯನ್ನು ನೇರವಾಗಿ ಕೊಯ್ದು, ಎರಡು ತುದಿಗಳನ್ನೂ ಯಂತ್ರದೊಳಗೆ ಎದುರುಬದುರಾಗಿ ಕೂರಿಸಿದನು. 125 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಎಂಟನೆಯ ಒಂದು ಪಾಲಿನಷ್ಟು ದಪ್ಪವಿರುವ ಆ ತುದಿಗಳು ಚಿಕ್ಕ ಪರದೆಯ ಮೇಲೆ ದೊಡ್ಡದಾಗಿ ಕಾಣಿಸಿಕೊಂಡು, ಯಂತ್ರದ ಚಲನೆಯಿಂದ ಅತ್ತಿತ್ತ ಸರಿದು ಒಂದರ ನೇರಕ್ಕೊಂದು ನಿಂತು, ಕಿಡಿಯೊಂದು ಹಾರಿ ಏಕವಾದುವು. ಬೆಸುಗೆಯ ಮೇಲೆ ರಕ್ಷಣೆಯ ನಳಿಗೆಯನ್ನು ಸರಿಸಿ ಕಾಯಿಸಿದೊಡನೆ ಕೆಲಸ ಮುಗಿಯಿತು. ಮಳೆ ಸುರಿಯುತ್ತಲೇ ಇತ್ತು. ಕೆಲಸಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ದಿನಗಳು ಹಿಡಿದದ್ದು ಅವನು ಬರುವುದಕ್ಕೆ. “ಮಷೀನ್ ಒಂದೇ ಮಾರಾಯ್ರೆ, ಮೂರು ಹೋಬಳಿಗೆ. ನಾವಾದ್ರೂ ಎಲ್ಲೀಂತ ಓಡೋದು?” ಎಂದು ಅವನು ಹೇಳಿದ ಮಾತಿನಲ್ಲಿ ಇಡೀ ಸಮಸ್ಯೆಯ ಕಾರಣ ಅಡಗಿತ್ತು.

ಕೈಗವಸೂ ಸೊಂಟಪಟ್ಟಿಯೂ ಇಲ್ಲದೆ, ಒದ್ದೆಯಾದ ಕರೆಂಟು ಕಂಬವನ್ನು ಏರುವ ಆ ಹುಡುಗನ ಮೇಲೆ ಸಿಟ್ಟು ಮಾಡುವವರು ಅನ್ಯಾಯ ಮಾಡುತ್ತಾರೆ. ಇನ್ನೊಂದು ಯಂತ್ರವನ್ನು ಕೊಂಡರೆ ಅದರ ಬೆಲೆ ಕಂಪನಿಯದು. ಇನ್ನಿಬ್ಬರನ್ನು ನೇಮಿಸಿದರೆ ಅವರ ಸಂಬಳ ಕಂಪನಿಯದು. ಕೊಳ್ಳದೆ, ನೇಮಿಸದೆ ಬಿಟ್ಟರೆ ಆಗುವ ನಷ್ಟ ಮಾತ್ರ ಗ್ರಾಹಕನದು. ನಿರ್ಧರಿಸುವವನು ಒಬ್ಬ, ನಷ್ಟಪಡುವವನು ಇನ್ನೊಬ್ಬನಾದಾಗ ನಿರ್ಧಾರವು ಯಾವ ಕಡೆ ವಾಲುವುದೆಂದು ಹೇಳುವುದಕ್ಕೆ ಅರ್ಥಶಾಸ್ತ್ರವನ್ನು ಓದಬೇಕಾಗಿಲ್ಲ. ನನ್ನ ವಾದದ ತಿರುಳು ಇದೇ: ಕಡಿತ ಹೆಚ್ಚಾಗಿರುವುದಕ್ಕೆ ಕಾರಣ, ಕಡಿತದಿಂದ ಅದಕ್ಕೆ ಹೊಣೆಯಾದವನಿಗೆ ಏನೂ ನಷ್ಟವಾಗದಿರುವುದು.

ದೂರಿನ ಗತಿಯೂ ಇಂಥದೇ. ದೂರು ಕೊಟ್ಟೊಡನೆ ಕಂಪ್ಲೇಂಟ್ ನಂಬರೊಂದು ಮೊಬೈಲಿಗೆ ಬರುತ್ತದೆ. ಮರುದಿನ, ಗೋಡೆಯ ಮೇಲೆ ಕೆಂಪು ದೀಪ ಇನ್ನೂ ಮಿನುಗುತ್ತಿರುವಾಗಲೇ, ದೂರು ಬಗೆಹರಿದಿದೆಯೆಂಬ ಸಂದೇಶ ಬರುತ್ತದೆ. ಮತ್ತೆ ಕರೆ ಮಾಡಿದರೆ ಹೊಸ ನಂಬರು, ಹೊಸ ಗಡುವು. ಹೀಗಾಗಿ ಮನೆಯಲ್ಲಿ ಅವಿಚ್ಛಿನ್ನವಾಗಿದ್ದ ಒಂದು ದೀರ್ಘ ಕಡಿತ, ಕಡತದಲ್ಲಿ ನಾಲ್ಕಾರು ಸಣ್ಣ ಕಡಿತಗಳಾಗಿ ಒಡೆದು, ಒಂದೊಂದೂ ಗಡುವಿನೊಳಗೆ ಪರಿಹಾರವಾದಂತೆ ದಾಖಲಾಗುತ್ತದೆ. ಇದು ನಮ್ಮ ಮನೆಯಲ್ಲಿ ನಡೆದದ್ದು. ನಮ್ಮ ಕೇರಿಯ ಇತರರೂ ಇದನ್ನೇ ಹೇಳುತ್ತಾರೆ. ಗಡುವು ಮೀರಿದರೆ ಮಾತ್ರ ಪರಿಹಾರ ಸಲ್ಲುವ ನಿಯಮವಿರುವಲ್ಲಿ, ಗಡುವು ಮೀರದಂತೆ ಕಾಣಿಸುವ ಈ ಪದ್ಧತಿ ಗ್ರಾಹಕನ ಹಕ್ಕನ್ನು ಬುಡದಲ್ಲಿಯೇ ಕತ್ತರಿಸುತ್ತದೆ.

ಕೊಡುವ ದುಡ್ಡಿಗೆ ಇಷ್ಟೇ ಎಂಬ ವಾದವನ್ನು ಇನ್ನು ಪರೀಕ್ಷಿಸೋಣ. ದರವನ್ನು ಗೊತ್ತುಮಾಡಿದವನು ಗ್ರಾಹಕನಲ್ಲ. ಇಷ್ಟು ಎಂಬಿಪಿಎಸ್ ವೇಗ, ತಿಂಗಳಿಡೀ ಸೇವೆ, ಎಂದು ಜಾಹೀರಾತಿನಲ್ಲಿ ಸಾರಿದವನೂ, ಆರು ತಿಂಗಳದೋ ವರ್ಷದ್ದೋ ಹಣವನ್ನು ಮುಂಗಡವಾಗಿ ಪಡೆದವನೂ ಮಾರುವವನೇ. ಅಂಗಡಿಯವನು ದಪ್ಪ ಅಕ್ಕಿಯನ್ನು ದಪ್ಪವೆಂದು ಹೇಳಿ ಅಗ್ಗಕ್ಕೆ ಮಾರಬಹುದು. ಆದರೆ ಸೇರಿಗೆ ಪಾವು ಕಡಿಮೆ ಅಳೆದು, ಅಗ್ಗವಾದುದರಿಂದ ಹೀಗೆ ಎಂದರೆ 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮವು ಅವನನ್ನು ದಂಡಿಸುತ್ತದೆ. ಗುಣದಲ್ಲಿ ಹೆಚ್ಚುಕಡಿಮೆ ಇರಬಹುದು, ಅಳತೆಯಲ್ಲಿ ಇರತಕ್ಕದ್ದಲ್ಲ. ಮೂವತ್ತು ದಿನಗಳ ಹಣ ಪಡೆದು ಇಪ್ಪತ್ತೇ ದಿನ ಸೇವೆಯನ್ನೊದಗಿಸುವುದು ಅಳತೆಯ ವಂಚನೆಯಲ್ಲದೆ ಮತ್ತೇನೂ ಅಲ್ಲ.

ಬೇರೆ ಕಂಪನಿಯನ್ನು ಹಿಡಿಯಿರೆಂಬ ಉಪದೇಶ ನಗರದ ಅನುಭವದಿಂದ ಹುಟ್ಟಿದ್ದು. ಅಲ್ಲಿಯೂ ಅದು ಅರ್ಧಸತ್ಯ. ಸ್ಪರ್ಧೆಯಿಂದ ಗುಣ ಬೆಳೆಯಬೇಕಾದರೆ, ಆಯ್ಕೆಗೆ ನಿಜವಾಗಿಯೂ ಇಬ್ಬರಿರಬೇಕು. ಇಬ್ಬರಲ್ಲಿ ಯಾರು ಮೇಲೆಂಬುದು ಕೊಳ್ಳುವ ಮೊದಲೇ ತಿಳಿಯುವಂತಿರಬೇಕು. ಹಳ್ಳಿಯಲ್ಲಿ ಹಲವು ಕಂಪನಿಗಳ ಹೆಸರು ಕೇಳಿಬಂದರೂ, ಮನೆಯ ತನಕ ಎಳೆ ಎಳೆದಿರುವವನು ಸಾಮಾನ್ಯವಾಗಿ ಒಬ್ಬ ಸ್ಥಳೀಯ ಕೇಬಲ್ ಆಪರೇಟರು. ಇಬ್ಬರಿದ್ದಲ್ಲಿಯೂ ಇಬ್ಬರ ಎಳೆಗಳೂ ಹೋಗುವುದು ಅದೇ ಕಂಬಗಳ ಮೇಲೆ, ಅದೇ ಮರಗಳ ಕೆಳಗೆ. ಕೊಂಬೆ ಬಿದ್ದರೆ ಎರಡೂ ಕಡಿಯುತ್ತವೆ. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಕಟ್ಟಡದವರು ಒಪ್ಪಿದ ಕಂಪನಿಯಲ್ಲದೆ ಇನ್ನೊಂದು ಒಳಗೆ ಬರುವಂತಿಲ್ಲ. ಯಾವ ಕಂಪನಿಯ ಸೇವೆ ಯಾವ ಊರಿನಲ್ಲಿ ವರ್ಷಕ್ಕೆ ಎಷ್ಟು ಗಂಟೆ ನಿಂತಿತ್ತೆಂಬ ಲೆಕ್ಕವನ್ನು ಕೊಳ್ಳುವವನ ಕೈಗೆ ಯಾರೂ ಕೊಡುವುದಿಲ್ಲ. ಬೆಲೆಯೊಂದೇ ಕಾಣುವಾಗ ಸ್ಪರ್ಧೆ ಬೆಲೆಯಲ್ಲಿಯೇ ನಡೆಯುತ್ತದೆ; ಬೆಲೆಯನ್ನು ಇಳಿಸಿದವನು ಖರ್ಚನ್ನು ಕಾಣದ ಕಡೆ ಇಳಿಸುತ್ತಾನೆ: ಬ್ಯಾಟರಿಯಲ್ಲಿ, ಬೆಸುಗೆಯ ಯಂತ್ರದಲ್ಲಿ, ಕಂಬವೇರುವ ಆಳಿನಲ್ಲಿ. ಹೊಣೆಯಿಂದ ಬಿಡುಗಡೆ ಹೊಂದಿದ ಸ್ಪರ್ಧೆಯು ಕಡಿತವನ್ನು ಬೆಳೆಸುತ್ತದೆಯೇ ವಿನಾ ತಗ್ಗಿಸುವುದಿಲ್ಲ.

ಇದೇನು ಅನ್ನವೇ, ನೀರೇ ಎಂಬ ಪ್ರಶ್ನೆ ಇಪ್ಪತ್ತು ವರ್ಷದ ಹಿಂದೆ ಯುಕ್ತವಾಗಿದ್ದೀತು. 2000ದ ಸುಮಾರಿಗೆ ‘ಭೂಮಿ’ ಯೋಜನೆಯು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ, ಅದರ ಪ್ರತಿಯನ್ನು ನಾವು ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಪಡೆಯುತ್ತಿದ್ದೆವು. ಇಂದು ಪಹಣಿ, ನೋಂದಣಿಯ ಅರ್ಜಿ, ಪರೀಕ್ಷೆಯ ಫಲಿತಾಂಶ, ಕಾಲೇಜಿನ ಪ್ರವೇಶ, ಕರೆಂಟು ಬಿಲ್ಲು ಇವೆಲ್ಲವೂ ಅಂತರ್ಜಾಲಕ್ಕೆ ಸರಿದಿವೆ; ಸರ್ಕಾರವೇ ತನ್ನ ಕಿಂಡಿಯನ್ನು ಪ್ರಜೆಯ ಮನೆಯೊಳಗೆ ತಂದು ಇಟ್ಟಿದೆ. ಕಿಂಡಿಯನ್ನು ತಂದಿಟ್ಟ ಮೇಲೆ ಅದು ತೆರೆದಿರುವಂತೆ ನೋಡಿಕೊಳ್ಳುವ ಹೊಣೆ ಸರ್ಕಾರಕ್ಕೆ ಇಲ್ಲವೆಂದರೆ ಹೇಗೆ? ಕೇರಳದ ಉಚ್ಚ ನ್ಯಾಯಾಲಯವು 2019ರ ಸೆಪ್ಟೆಂಬರಿನಲ್ಲಿ, ಹಾಸ್ಟೆಲಿನಲ್ಲಿ ಮೊಬೈಲ್ ಬಳಕೆಗೆ ಹಾಕಿದ ನಿರ್ಬಂಧವನ್ನು ಪ್ರಶ್ನಿಸಿದ ವಿದ್ಯಾರ್ಥಿನಿಯೊಬ್ಬಳ ಅರ್ಜಿಯಲ್ಲಿ, ಅಂತರ್ಜಾಲವನ್ನು ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗವೆಂದು ತೀರ್ಪಿತ್ತಿತು. ಅದರ ಮರುವರ್ಷವೇ ಬಂದ ಮಹಾಮಾರಿಯಲ್ಲಿ ಶಾಲೆಗಳು ಮುಚ್ಚಿ, ಪಾಠವೆಲ್ಲ ಪರದೆಯ ಮೇಲೆ ನಡೆಯಿತು. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನಲ್ಲಿ ರಸ್ತೆಯ ಪಕ್ಕದಲ್ಲಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆಯೊಬ್ಬನು ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು ನಾಡೆಲ್ಲ ಕಂಡಿತು. ಆ ತಂದೆಯ ವಾತ್ಸಲ್ಯವನ್ನು ಎಲ್ಲರೂ ಹೊಗಳಿದರು, ಅದು ಹೊಗಳತಕ್ಕದ್ದೇ. ಆದರೆ ಆ ಹುಡುಗಿ ತನ್ನ ಮನೆಯ ಮಾಡಿನ ಕೆಳಗೆ ಕುಳಿತು ಕಲಿಯುವಂತೆ ಏಕಿರಲಿಲ್ಲವೆಂದು ಕೇಳಿದವರು ಕಡಿಮೆ. ನಮ್ಮ ಹೊಂದಿಕೊಳ್ಳುವ ಸ್ವಭಾವ ಎಷ್ಟು ದೂರ ಹೋಗಿದೆಯೆಂಬುದಕ್ಕೆ ಇದಕ್ಕಿಂತ ದುಃಖಕರವಾದ ನಿದರ್ಶನ ನನಗೆ ಗೊತ್ತಿಲ್ಲ.

ಕಾನೂನಿಲ್ಲವೇ ಎಂದು ಯಾರಾದರೂ ಕೇಳಬಹುದು. ಇದೆ, ಅದು ಏಕೆ ಕೈಗೆಟುಕುವುದಿಲ್ಲವೆಂಬುದನ್ನು ತಿಳಿಯಬೇಕು. 1997ರ ಅಧಿನಿಯಮದಿಂದ ಸ್ಥಾಪಿತವಾದ ಟ್ರಾಯ್, ಎಂದರೆ ಭಾರತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಬ್ರಾಡ್‌ಬ್ಯಾಂಡ್ ಸೇವೆಯ ಗುಣಮಟ್ಟವನ್ನು ಕುರಿತು 2006ರಲ್ಲಿ ನಿಯಮಾವಳಿಯನ್ನು ರಚಿಸಿತು. ದೋಷಗಳಲ್ಲಿ ಶೇಕಡ 90ಕ್ಕಿಂತ ಹೆಚ್ಚಿನವನ್ನು ಮರುದಿನದ ಕೆಲಸದ ವೇಳೆಯೊಳಗೆ ಸರಿಪಡಿಸಬೇಕೆಂದೂ, ಸೇವೆಯು ಶೇಕಡ 98ಕ್ಕಿಂತ ಹೆಚ್ಚು ಕಾಲ ಲಭ್ಯವಿರಬೇಕೆಂದೂ, ದುರಸ್ತಿ ಮೂರು ಕೆಲಸದ ದಿನಗಳನ್ನು ಮೀರಿದರೆ ಒಂದು ವಾರದ ಬಾಡಿಗೆಯನ್ನೂ, ಹದಿನೈದು ದಿನಗಳನ್ನು ಮೀರಿದರೆ ಇಡೀ ತಿಂಗಳ ಬಾಡಿಗೆಯನ್ನೂ ಬಿಟ್ಟುಕೊಡಬೇಕೆಂದೂ ಅದರಲ್ಲಿ ವಿಧಿಸಿತ್ತು. ಆದರೆ ಶೇಕಡ 98 ಎಂಬುದು ಎಲ್ಲ ಗ್ರಾಹಕರ ಸರಾಸರಿಯಾಗಿತ್ತು. ತಿಂಗಳಿಗೆ ಹದಿನಾಲ್ಕು ಗಂಟೆಯಷ್ಟು ಕಡಿತವನ್ನು ಅದು ಕ್ಷಮಿಸುತ್ತಿತ್ತು. ಅಷ್ಟೇ ಅಲ್ಲದೆ, ಒಂದು ಊರು ಇಡೀ ವಾರ ಸಂಪರ್ಕವಿಲ್ಲದೆ ಇದ್ದರೂ ನಗರಗಳ ಲಕ್ಷಾಂತರ ಗ್ರಾಹಕರ ಲೆಕ್ಕದಲ್ಲಿ ಅದು ಕರಗಿಹೋಗುತ್ತಿತ್ತು. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಹೊಸ ನಿಯಮಾವಳಿಯು ಕಂಪನಿಗಳ ಮೇಲಿನ ದಂಡವನ್ನು 10 ಲಕ್ಷ ರೂಪಾಯಿಯವರೆಗೂ ಏರಿಸಿತು. ಆ ದಂಡದ ಹಣ ಹೋಗುವುದು ಬೊಕ್ಕಸಕ್ಕೆ, ನಷ್ಟಪಟ್ಟವನಿಗಲ್ಲ. ವ್ಯಕ್ತಿಗಳ ದೂರುಗಳನ್ನು ವಿಚಾರಿಸುವುದು ಟ್ರಾಯ್‌ನ ಕಾರ್ಯವಲ್ಲ; 2012ರ ನಿಯಮಗಳ ಪ್ರಕಾರ ದೂರಿನ ಕೇಂದ್ರವೂ, ಅದರ ಮೇಲಿನ ಮೇಲ್ಮನವಿ ಪ್ರಾಧಿಕಾರವೂ ಕಂಪನಿಯೊಳಗೇ ಇವೆ. ಆರೋಪಿಯಿಂದ ಸಂಬಳ ಪಡೆಯುವವನನ್ನು ನ್ಯಾಯಪೀಠದಲ್ಲಿ ಕುಳ್ಳಿರಿಸಿದ ಮೇಲೆ ನ್ಯಾಯವನ್ನು ನಿರೀಕ್ಷಿಸುವುದು ಹೇಗೆ? ಗ್ರಾಹಕ ಆಯೋಗಗಳು ಇಂಥ ದೂರುಗಳನ್ನು ವಿಚಾರಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದ್ದು ಸ್ವಾಗತಾರ್ಹ. ಆದರೆ ಕೆಲವು ನೂರು ರೂಪಾಯಿಗಳಿಗಾಗಿ ತೋಟದ ಕೆಲಸವನ್ನು ಬಿಟ್ಟು ಜಿಲ್ಲಾಕೇಂದ್ರಕ್ಕೆ ಅಲೆಯುವವರು ಎಷ್ಟು ಮಂದಿ?

ಆದುದರಿಂದ ಬೇಕಾದದ್ದು, ಕೇಳದೆಯೇ ಸಲ್ಲುವ ಪರಿಹಾರ. ಬ್ರಿಟನ್ನಿನಲ್ಲಿ ಆಫ್‌ಕಾಮ್ ರೂಪಿಸಿದ, ದೊಡ್ಡ ಕಂಪನಿಗಳು ತಾವಾಗಿ ಒಪ್ಪಿ ಸೇರಿದ ಏರ್ಪಾಡೊಂದು 2019ರ ಏಪ್ರಿಲ್ 1ರಿಂದ ನಡೆಯುತ್ತಿದೆ: ಎರಡು ಕೆಲಸದ ದಿನಗಳೊಳಗೆ ಸಂಪರ್ಕ ಮರಳದಿದ್ದರೆ, ಆ ಮುಂದಿನ ಪ್ರತಿ ದಿನಕ್ಕೂ ಮೊದಲು ಗೊತ್ತುಮಾಡಿದ್ದು 8 ಪೌಂಡು, ದುರಸ್ತಿ ತಡವಾದದ್ದಕ್ಕೆ ಗ್ರಾಹಕನು ಬೇರೆ ಅರ್ಜಿ ಹಾಕಬೇಕಾಗಿಲ್ಲ. ದೂರದ ದೇಶದ ಉದಾಹರಣೆ ನಮಗೆ ಒಗ್ಗದೆಂದು ಹೇಳುವವರಿಗೆ ನಮ್ಮದೇ ನಾಡಿನ ಸಕಾಲವನ್ನು ತೋರಿಸುತ್ತೇನೆ. 2011ರ ಆ ಅಧಿನಿಯಮದಲ್ಲಿ, ಸರ್ಕಾರಿ ಕಚೇರಿ ಗೊತ್ತಾದ ಅವಧಿಯೊಳಗೆ ಸೇವೆಯನ್ನು ಕೊಡದಿದ್ದರೆ ವಿಳಂಬದ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಯವರೆಗೆ ಪರಿಹಾರ ಪಡೆಯುವ ಹಕ್ಕನ್ನು ನಾವೇ ಬರೆದುಕೊಂಡೆವು. ಮೊತ್ತ ಚಿಕ್ಕದು, ತತ್ತ್ವ ದೊಡ್ಡದು. ಸಂಬಳದ ಗುಮಾಸ್ತನಿಗೆ ವಿಧಿಸಿದ ಹೊಣೆಯನ್ನು, ಲಾಭಕ್ಕಾಗಿ ಸೇವೆ ಮಾರುವವನಿಗೆ ವಿಧಿಸಬಾರದೆನ್ನುವುದಕ್ಕೆ ಕಾರಣವೇನು?

ದೂರಸಂಪರ್ಕವು ಕೇಂದ್ರದ ವಿಷಯ, ರಾಜ್ಯ ಏನು ಮಾಡೀತು ಎಂದು ಕೈಚೆಲ್ಲಬೇಕಾಗಿಲ್ಲ. ಎಳೆಗಳು ತೂಗುತ್ತಿರುವುದು ಮೆಸ್ಕಾಂ, ಹೆಸ್ಕಾಂ, ಬೆಸ್ಕಾಂಗಳ ಕಂಬಗಳ ಮೇಲೆ; ಅಗೆತಕ್ಕೆ ಅನುಮತಿ ಕೊಡುವುದು ಪಂಚಾಯತಿ ಮತ್ತು ಲೋಕೋಪಯೋಗಿ ಇಲಾಖೆ. ಸಾರ್ವಜನಿಕರ ಕಂಬವನ್ನು ಬಳಸುವವನು ಮೇ ತಿಂಗಳೊಳಗೆ ತನ್ನ ದಾರಿಯ ಕೊಂಬೆಗಳನ್ನು ಸವರಿಸಬೇಕು, ಕೇಂದ್ರಯಂತ್ರಕ್ಕೆ ಸಾಕಷ್ಟು ಬ್ಯಾಟರಿ ಇಡಬೇಕು, ಹೋಬಳಿಗೊಂದು ಬೆಸುಗೆಯ ಯಂತ್ರವನ್ನೂ ಕಂಬವೇರುವವರಿಗೆ ರಕ್ಷಣೆಯ ಸಾಮಗ್ರಿಯನ್ನೂ ಒದಗಿಸಬೇಕು, ಊರಿನ ಕಡಿತದ ಗಂಟೆಗಳನ್ನು ತಿಂಗಳು ತಿಂಗಳೂ ಪಂಚಾಯತಿಯ ಫಲಕದಲ್ಲಿ ಬರೆಸಬೇಕೆಂಬ ಷರತ್ತುಗಳನ್ನು ಕಂಬದ ಬಾಡಿಗೆಯ ಕರಾರಿನಲ್ಲಿಯೇ ಸೇರಿಸಬಹುದು. ಕೇಂದ್ರವು ಹಳ್ಳಿಗಳಿಗೆ ಬ್ರಾಡ್‌ಬ್ಯಾಂಡ್ ಒಯ್ಯುವ ಭಾರತ್‌ನೆಟ್ ಯೋಜನೆಯ ಹೊಸ ರೂಪಕ್ಕೆ 2023ರಲ್ಲಿ 1,39,579 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿದೆ. ಕೇಬಲ್ಲು ಮುಟ್ಟಿದ ಊರುಗಳ ಸಂಖ್ಯೆಯ ಜೊತೆಗೆ, ಮುಟ್ಟಿದ ಮೇಲೆ ಅದು ಎಷ್ಟು ದಿನ ಜೀವಂತವಾಗಿತ್ತೆಂಬ ಲೆಕ್ಕವನ್ನೂ ಊರೂರಿಗೆ ಕೇಳುವ ಅಧಿಕಾರ ತೆರಿಗೆ ಕೊಟ್ಟ ನಮಗಿದೆ.

ಇದರಿಂದ ದರ ಏರಬಹುದೆಂಬ ಆಕ್ಷೇಪವೊಂದು ಉಳಿಯಿತು. ಸ್ವಲ್ಪ ಏರಬಹುದು. ಇಂದಾದರೂ ನಾವು ಕೊಡುತ್ತಿರುವುದು ಜಾಹೀರಾತಿನ ದರವೊಂದನ್ನೇ ಅಲ್ಲ. ನೆಟ್ ಇಲ್ಲದ ದಿನ ಮೊಬೈಲಿಗೆ ಹಾಕಿಸುವ ರೀಚಾರ್ಜ್, ಒಂದು ಅರ್ಜಿಗಾಗಿ ಪೇಟೆಗೆ ಹೋಗುವ ಬಸ್ಸಿನ ಖರ್ಚು, ಮನೆಯಿಂದ ಕೆಲಸ ಮಾಡುವ ಮಗಳು ಕಳೆದುಕೊಂಡ ದಿನದ ಸಂಬಳ, ಇವೆಲ್ಲವನ್ನೂ ಕೊಡುತ್ತಿದ್ದೇವೆ, ಯಾವ ರಸೀದಿಯೂ ಇಲ್ಲದೆ. ಈ ಹಣವನ್ನು ದರದಲ್ಲಿಯೇ ಸೇರಿಸಿ ಕೇಳಿ, ಅದಕ್ಕೆ ತಕ್ಕ ಸೇವೆಯನ್ನು ಕೊಟ್ಟರೆ ನಷ್ಟವೇನೂ ಇಲ್ಲ.

ಸಹನೆ ನಮ್ಮ ಸೀಮೆಯ ಹಳೆಯ ಗುಣ. ಪ್ರಕೃತಿಯ ಎದುರಿನಲ್ಲಿ ಅದು ಯೋಗ್ಯವಾದ ಗುಣವೂ ಹೌದು. ಕರಾರನ್ನು ಮುರಿದವನ ಎದುರಿನಲ್ಲಿ ಅದನ್ನೇ ತೋರಿಸಿದರೆ ಅವನ ಲಾಭಕ್ಕೆ ನಾವು ಕಾಣಿಕೆ ಸಲ್ಲಿಸಿದಂತಾಗುತ್ತದೆ. ಆದುದರಿಂದ ಪ್ರತಿ ಕಡಿತದಲ್ಲಿಯೂ ನಿಂತ ದಿನ, ಬಂದ ದಿನಗಳನ್ನು ಬರೆದಿಡಬೇಕು. ಕೆಂಪು ದೀಪದ ಚಿತ್ರವನ್ನು ದಿನಾಂಕಸಹಿತ ತೆಗೆದಿಡಬೇಕು. ಬಗೆಹರಿಯದ ದೂರನ್ನು ಬಗೆಹರಿದಿದೆಯೆಂದು ಮುಚ್ಚಿದರೆ ಒಪ್ಪದೆ ಲಿಖಿತವಾಗಿ ಪ್ರತಿಭಟಿಸಬೇಕು. ನೆರೆಹೊರೆಯವರು ಕೂಡಿ ಒಂದೇ ಅರ್ಜಿಯಾಗಿ ಗ್ರಾಹಕ ಆಯೋಗಕ್ಕೆ ಹೋಗಬೇಕು. ಕಂಬದ ಷರತ್ತುಗಳನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಬೇಕು. ಸೇವೆ ನಿಂತ ದಿನಗಳ ಹಣ ಕೇಳದೆಯೇ ಗ್ರಾಹಕನ ಖಾತೆಗೆ ಮರಳುವ ನಿಯಮ ಬರುವ ತನಕ ಈ ಕೇಳಿಕೆಯನ್ನು ನಾವು ಕೈಬಿಡತಕ್ಕದ್ದಲ್ಲ.